ಹೊಟ್ಟಿನ ಗುಡ್ಡ

ಕುಶಾಲನಗರ, ಏಪ್ರಿಲ್, ಮಧ್ಯಾಹ್ನ ಮೂರು.
ಮಡಿಕೇರಿಯವರು ನಂಬುವುದಿಲ್ಲ,
ಇದೂ ಕೊಡಗೇ.

ಬಡಾವಣೆಯ ಪಾರ್ಕಿನ ಜಾರುಬಂಡೆ ಕಬ್ಬಿಣದ್ದು.
ಬಾಟಲಿಯ ನೀರು ಸುರಿದೆ, ಚುಂಯ್ ಎಂದಿತು.
ಬೋಜು ಕೈ ಎಳೆದುಕೊಂಡು
ನಾನೇ ಕಾಯಿಸಿಟ್ಟ ಹಾಗೆ ನೋಡಿದ.
ಎರಡನೆಯ ಪಾರ್ಕಿಗೆ ಬೀಗ.
ಮೂರನೆಯದರಲ್ಲಿ ನೆರಳಿದೆ,
ಆ ನೆರಳಲ್ಲಿ ಯಾರದೋ ಕಾರು.

ನನ್ನ ತವರಲ್ಲಿ ನೆರಳಿಗೆ ಬರವಿಲ್ಲ, ಸಮತಟ್ಟಿಗೆ ಬರ:
ಕೈತಪ್ಪಿದ ಚೆಂಡು ಸೀದಾ ತೋಡಿಗೆ.
ಇಲ್ಲಿ ಚೆಂಡು ಇಟ್ಟಲ್ಲೇ ಇರುತ್ತದೆ,
ಮಕ್ಕಳು ನಿಲ್ಲಲಾರರು.

ನಾಲ್ಕೂವರೆಗೆ ಕ್ಯೂರಿಂಗ್ ವರ್ಕ್ಸಿನ ಗೇಟಿನ ಬಳಿ
ವಾಚ್‌ಮನ್ ಎರ್ಮು ಕಾಕ
ನನ್ನ ಮುಖ ನೋಡಲಿಲ್ಲ, ಮಕ್ಕಳ ಕಾಲು ನೋಡಿದರು.
ಆಮೇಲೆ ಗೇಟು ಸರಿಯಿತು,
ಒಬ್ಬರು ನುಸುಳುವಷ್ಟು.

ಶೆಡ್ಡಿನ ಹಿಂದೆ, ಮಳೆಮರದಡಿ
ಕಾಫಿ ಹೊಟ್ಟಿನ ಗುಡ್ಡ!
ದೇಚು ಏರಿದಳು, ಮೊಣಕಾಲವರೆಗೆ ಹೂತಳು.
ಬೋಜು ಉರುಳಿದ, ಹತ್ತಿದ, ಉರುಳಿದ.
"ಮೂಗಿಗೆ ಹೋದೀತು" ಎಂದೆ.
ಯಾರಿಗೆ ಕೇಳಬೇಕು.

"ಸೋಮವಾರ ಲಾರಿ ಬರ್ತದೆ," ಎಂದರು ಕಾಕ,
"ಎಲ್ಲ ಇಟ್ಟಿಗೆ ಗೂಡಿಗೆ."

ಇವತ್ತು ಗುರುವಾರ.
ರಾತ್ರಿ ದೇಚುವಿನ ಕಿವಿಯಿಂದ ಹೊಟ್ಟು ತೆಗೆಯುತ್ತ
ಬೆರಳು ಮಡಚಿ ಎಣಿಸಿದೆ.
ನಿದ್ದೆಗಣ್ಣಲ್ಲೇ ಅವಳು
ನನ್ನ ಇನ್ನೊಂದು ಬೆರಳು ಮಡಚಿದಳು.