ಸೇತುವೆ ಕೆಳಗಿನ ಚಿಲ್ಲರೆ

ಹಳೇ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ,
ಅದಕ್ಕೊಂದು ನೈಲಾನ್ ದಾರ,
ದಾರದ ಇನ್ನೊಂದು ತುದಿಗೆ ಓಬಳೇಶ.
ಹರಿಹರದ ಸೇತುವೆ ಕೆಳಗೆ, ಮೊಣಕಾಲುದ್ದ ತುಂಗಭದ್ರೆಯಲ್ಲಿ
ಎಳೆಯುತ್ತಾನೆ, ಹಟಮಾರಿ ಕರುವನ್ನು ಎಳೆದಂತೆ,
ಬೆಳಗ್ಗೆ ಆರರಿಂದ.

ಮೇಲೆ ಬಸ್ಸುಗಳು.
ನೀರು ಕಂಡೊಡನೆ ಕಿಟಕಿಯಿಂದ ಒಂದು ಕೈ ಹೊರಬರುತ್ತದೆ,
ಬಳೆಯ ಕೈ, ವಾಚಿನ ಕೈ,
ಎಸೆದು, ಒಳಗೆ ಹೋಗಿ, ಹಣೆ ಮುಟ್ಟಿಕೊಳ್ಳುತ್ತದೆ.
ಅರ್ಧಕ್ಕರ್ಧ ಕಂಬಿಗೆ ಬಡಿದು ರಸ್ತೆಗೇ ಬೀಳುತ್ತವೆ;
ಅವನ್ನು ಓಬಳೇಶ ಮುಟ್ಟುವುದಿಲ್ಲ.
'ಅವು ಹೊಳಿಗೆ ಮುಟ್ಟಿಲ್ಲಕ್ಕಾ, ಇನ್ನೂ ಅವರವೇ.'

ಏಳೂವರೆಗೆ ನನ್ನ ಗಾಡಿಗೆ ಬರುತ್ತಾನೆ,
ಮಂಡಕ್ಕಿ ಒಗ್ಗರಣೆಗೆ ನಾನು ಈರುಳ್ಳಿ ಹೆಚ್ಚುವ ಹೊತ್ತು.
ಡಬ್ಬಿ ಮಗುಚಿ, ಮರಳು ತೊಳೆದು, ಎಣಿಸುತ್ತಾನೆ:
ರೂಪಾಯಿ, ರೂಪಾಯಿ, ಎರಡು, ಎಂಟಾಣೆ,
ಒಂದು ನಟ್ಟು, ಯಾರದೋ ಸೀರೆಯ ಪಿನ್ನು, ರೂಪಾಯಿ.
'ಹತ್ತರ ಬಿಲ್ಲೆ ಯಾಕಿಲ್ಲೋ?' ಅಂದೆ ಒಮ್ಮೆ.
'ಅದು ಅಂಟಲ್ಲಕ್ಕಾ. ಇಪ್ಪತ್ತರದ್ದೂ ಅಂಟಲ್ಲ.
ದೊಡ್ಡವೆಲ್ಲ ಹೊಳಿಯಾಗೇ ಉಳೀತಾವು.
ಬರೇ ಚಿಲ್ಲರೆ ಅಂಟ್ತಾವು.'
ಕಣ್ಣಲ್ಲಿ ನೀರಿತ್ತು.
ಈರುಳ್ಳಿಯದೇ.

ಬ್ಯಾಂಕಿನಿಂದ ರಿಟೈರಾದ ಹಾಲಸ್ವಾಮಿಯವರು ಚಹಾ ಆರಿಸುತ್ತ
ಪೇಪರು ಮಡಚಿ ಹೇಳುತ್ತಾರೆ,
ಒಂದು ರೂಪಾಯಿ ಟಂಕಿಸಲು ರೂಪಾಯಿಗಿಂತ ಜಾಸ್ತಿ ಖರ್ಚಂತೆ.
'ಇದಕ್ಕಿಂತ ಹುಚ್ಚು ವ್ಯಾಪಾರ ಐತೇನಮ್ಮ? ನಿಲ್ಲಿಸಬೇಕು.
ನೀನೂ ಇಸ್ಕಳ್ಳಲ್ಲ, ನಾನೂ ಇಸ್ಕಳ್ಳಲ್ಲ,
ಅಚ್ಚು ಹಾಕೋದು ಯಾರಿಗೆ, ಮೀನಿಗಾ?'

ಅವರ ಮಾತು ಸುಳ್ಳಲ್ಲ.
ನನ್ನ ಗಾಡಿಯ ಮೇಲೆ ಪೆಪ್ಪರಮಿಂಟಿನ ಬರಣಿ ಇದೆ.
ಎರಡು ರೂಪಾಯಿ ವಾಪಸು ಕೊಡಬೇಕಾದಲ್ಲಿ ಎರಡು ಪೆಪ್ಪರಮಿಂಟು ಕೊಟ್ಟು
ಹನ್ನೊಂದು ವರ್ಷ ಗಾಡಿ ನಡೆಸಿದ್ದೇನೆ.
ಒಂದಕ್ಕೆ ನನಗೆ ಬೀಳುವುದು ಎಂಟಾಣೆ.
ಟಂಕಸಾಲೆಯವರಿಗಿಂತ ಜಾಣೆ ನಾನು.
ಯಾರೂ ಬೈದಿಲ್ಲ. ಒಬ್ಬ ಮುದುಕಿ ಮಾತ್ರ
ಸೆರಗಿನ ಗಂಟಿನಿಂದ ನಾಲ್ಕು ಪೆಪ್ಪರಮಿಂಟು ಬಿಚ್ಚಿ
'ಮಿರ್ಚಿಗೆ ನಾಕು ರುಪಾಯಿ ಕಮ್ಮಿ ಬಿದ್ದಾವು, ಹಿಡಿ' ಅಂದಳು.
ಹಿಡಿಯಲಿಲ್ಲ.
ಹಿಡಿಯಬೇಕಿತ್ತು.

ಗುಜರಿಯ ಜಬೀವುಲ್ಲಾ ಎಂಟಾಣೆಗಳನ್ನು ತಕ್ಕಡಿಗೆ ಸುರಿದು
ಕೇಜಿಗೆ ನಲವತ್ತು ಅಂದನಂತೆ.
'ಎಣಿಸಿದ್ರೆ ನೂರಾ ಮೂವತ್ತಾಗ್ತಾವು ಮಾಮಾ, ಸರ್ಕಾರದ ಮಾಲು!'
'ಸರ್ಕಾರದ್ದಾದ್ರೆ ಸರ್ಕಾರಕ್ಕೇ ಮಾರಪ್ಪ.'
ಇಬ್ಬರೂ ನಕ್ಕರಂತೆ.
ಡಬ್ಬಿ ಮುಚ್ಚಿಕೊಂಡು ಬಂದ.

ಗಿರಾಕಿ ಇಲ್ಲದ ಮಧ್ಯಾಹ್ನ ನಾನೂ ಲೆಕ್ಕ ಹಾಕುತ್ತೇನೆ.
ಚಿಲ್ಲರೆ ನಿಂತುಹೋದರೆ ಆ ಕೈಗಳು ಏನು ಎಸೆದಾವು?
ಹತ್ತರದ್ದಾದರೆ ಕೈ ಒಂದು ಗಳಿಗೆ ತಡೆಯುತ್ತದೆ,
ಅಷ್ಟರಲ್ಲಿ ಸೇತುವೆ ಮುಗಿದಿರುತ್ತದೆ.
ಫೋನಿನಿಂದ ಕಳಿಸೋಣವೆಂದರೆ ಹೊಳೆಗೆ ನಂಬರಿಲ್ಲ.
ಬಿಟ್ಟರೂ ಕೈ ಸುಡದಂಥದ್ದೊಂದು
ಕಿಸೆಯ ಮೂಲೆಯಲ್ಲಿ ಇರಬೇಕಲ್ಲವೇ,
ಮಗಳ ಹೆರಿಗೆ, ಅಣ್ಣನ ಕೋರ್ಟು, ಸುಮ್ಮನೆ ಒಂದು ಹೆದರಿಕೆ,
ಅದರ ಜೊತೆ ಹೋಗಲಿ ಅಂತ?

'ಹೊಳಿಗೆ ಒಗಿಯಾಕೆ ಕಲ್ಲು ಸಾಲದೇನಮ್ಮ?' ಅನ್ನುತ್ತಾರೆ ಹಾಲಸ್ವಾಮಿ.
ಸಾಲುತ್ತದೋ ಏನೋ.
ಕಲ್ಲು ಯಾರ ಕಿಸೆಯಲ್ಲೂ ಬೆಚ್ಚಗೆ ಕೂತದ್ದಲ್ಲ.

ಇವತ್ತು ಓಬಳೇಶ ಒಂದು ಪ್ಲೇಟು ತಿಂದು
ಇಪ್ಪತ್ತು ಒದ್ದೆ ರೂಪಾಯಿ ಎಣಿಸಿ ಇಟ್ಟ.
ಪೆಪ್ಪರಮಿಂಟಿನ ಬರಣಿ ಪಕ್ಕಕ್ಕೆ ಸರಿಸಿ,
ಆಮೇಲೆ ಬಂದವನಿಗೆ ಅದರಲ್ಲೇ ಎರಡು ಕೊಟ್ಟೆ.
'ತಣ್ಣಗದಾವಲ್ಲವ್ವ,' ಅಂದ,
ಪ್ಯಾಂಟಿಗೆ ಒರೆಸಿಕೊಂಡ,
ಓಡಿ ರಾಣೆಬೆನ್ನೂರು ಬಸ್ಸು ಹತ್ತಿದ.
ಬಸ್ಸು ಸೇತುವೆಗೆ ತಿರುಗಿತು.
ಬಾಣಲೆಯಲ್ಲಿ ಮಿರ್ಚಿ ಕೆಂಪಾಗಿದ್ದವು,
ಮಗುಚಿ ಹಾಕಿದೆ.