ನಂತರದ ನಂತರ

ವಾರ್ಡಿನ ಗೋಡೆಗೆ ಒಂದು ಹಲಗೆ.
ಎಡಕ್ಕೆ 'ಮೊದಲು', ಬಲಕ್ಕೆ 'ನಂತರ'.
ಅಂಚಿಗೆ ಜರಿ ಕಾಗದ ಅಂಟಿಸಿದ್ದು ನಾನೇ,
ಆಯುಧಪೂಜೆಗೆ ತಂದು ಉಳಿದದ್ದು.

ಎರಡನೇ ಸಾಲಿನ ಮೂರನೆಯವಳು ತಿಪ್ಪವ್ವ.
ಮೊದಲು: ಐದು ಕಿಲೋ ಒಂಬೈನೂರು,
ಅಳುವುದಕ್ಕೂ ತ್ರಾಣವಿಲ್ಲ,
ಕೂದಲು ಮಾಸಿದ ತೆಂಗಿನ ನಾರು.
ನಂತರ: ಆರು ಕಿಲೋ ಎಂಟುನೂರು.
ಪಕ್ಕದ ಮಂಚದವನ ಬಿಸ್ಕತ್ತು ಕಸಿಯುವಾಗ ತೆಗೆದದ್ದು,
ಅದಕ್ಕೇ ಫೋಟೋ ಅಲುಗಿದೆ.

ನಾನು ಡಾಕ್ಟರಲ್ಲ, ನರ್ಸಲ್ಲ,
ಹಾಲು ಕಾಯಿಸುವವಳು.
ಹಾಲು, ಸಕ್ಕರೆ, ಎಣ್ಣೆ, ಒಂದಿಷ್ಟು ಹಿಟ್ಟು,
ತೂಗಿ, ಗಂಟಾಗದಂತೆ ಕದಡಿ
ಎರಡು ಗಂಟೆಗೊಂದು ಲೋಟ.
ಊರು ಮಲಗಿದ ಮೇಲೂ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು:
ನಮ್ಮಲ್ಲಿ ಹಸಿವು ಅಂದರೆ ಒಳ್ಳೆ ಸುದ್ದಿ.
ತೀರಾ ಸೊರಗಿದ ಮಗುವಿಗೆ ಹಸಿವೇ ಆಗುವುದಿಲ್ಲ,
ಬಾಯಿಗಿಟ್ಟ ಚಮಚದ ಆಚೆ ಎಲ್ಲೋ ನೋಡುತ್ತಿರುತ್ತದೆ.
ಒಂಬತ್ತನೇ ದಿನ ತಿಪ್ಪವ್ವ
ಖಾಲಿ ಲೋಟವನ್ನು ಮಂಚದ ಸರಳಿಗೆ ಬಡಿದಳು.
ಟಣ್. ಮತ್ತೆ ಟಣ್.
ಅಡುಗೆಮನೆಯಿಂದ ಓಡಿಬಂದೆ ನಾನು, ಸೌಟು ಹಿಡಿದೇ.

ಹಾಗೆ ಹಸಿವನ್ನು ಎಬ್ಬಿಸಿ,
ಅವಳ ಕೈಗೇ ಕೊಟ್ಟು,
ಮನೆಗೆ ಕಳಿಸಿದೆವು.

ಮನೆ ಅಂದರೆ ಬಾಗಲೂರು ರಸ್ತೆಯ ಆಚೆ, ತಗಡಿನ ಶೆಡ್ಡು,
ಪೇಂಟಿನ ಡ್ರಮ್ಮಿನಲ್ಲಿ ಟ್ಯಾಂಕರ್ ನೀರು,
ಅವ್ವ ಸಾಬಮ್ಮ ಆರನೇ ಮಹಡಿಗೆ ಇಟ್ಟಿಗೆ ಹೊರುವಾಗ
ಕಾಯಲಿಕ್ಕೆ ಅಣ್ಣ ದೇವೀಂದ್ರ, ವರ್ಷ ಆರು.
ನಡುವಿನವೆರಡು ಉಳಿಯಲಿಲ್ಲವಂತೆ.
ಇದನ್ನು ಹುಟ್ಟಿದ ಕೂಡಲೇ ತಿಪ್ಪೆಗೆ ತಾಕಿಸಿ ಎತ್ತಿಕೊಂಡರು,
ಜವರಾಯ ಕಸವೆಂದು ದಾಟಿ ಹೋಗಲಿ ಅಂತ.

ಹದಿನೈದು ದಿನಕ್ಕೆ ಒಮ್ಮೆ ತೋರಿಸಲು ಬಂದರು,
ಮತ್ತೊಮ್ಮೆಯೂ ಬಂದರು.
ಮೂರನೆಯದಕ್ಕೆ ನಮ್ಮವರೇ ಹುಡುಕಿ ಹೋದರೆ
ಶೆಡ್ಡಿದ್ದ ಜಾಗದಲ್ಲಿ ಹುಲ್ಲುಹಾಸು, ಪೈಪಿನಿಂದ ನೀರು.
ಮೇಸ್ತ್ರಿ ಎಲ್ಲರನ್ನೂ ಲಾರಿ ಹತ್ತಿಸಿದನಂತೆ.
ಸರ್ಜಾಪುರ ಅಂದ ವಾಚ್‌ಮನ್,
ಅಲ್ಲ ಹೊಸಕೋಟೆ ಅಂದಳು ಅವನ ಹೆಂಡತಿ.
ರಿಜಿಸ್ಟರಿನಲ್ಲಿ ಬರೆದರು: ಸಂಪರ್ಕಕ್ಕೆ ಸಿಗಲಿಲ್ಲ.
ದುಂಡನೆಯ ಅಕ್ಷರ.

ಇವತ್ತು ಬೆಳಗ್ಗೆ, ಐದು ತಿಂಗಳಾದ ಮೇಲೆ,
ಓಪಿಡಿ ಸಾಲಿನಲ್ಲಿ ಸಾಬಮ್ಮ.
ನನ್ನ ಕಂಡವಳೇ ಮಗುವಿನ ತೋಳಿನ ಮೇಲೆ ಸೆರಗೆಳೆದಳು,
ಕದ್ದದ್ದನ್ನು ಮುಚ್ಚುವವಳ ಹಾಗೆ.
ಸೆರಗು ಮುಚ್ಚಿದರೂ ಟೇಪು ಬಿಡುವುದಿಲ್ಲ.
ತೋಳು ಸುತ್ತಿ ಬಂದು ಕೆಂಪಿನಲ್ಲೇ ನಿಂತಿತು.
ಆರು ಕಿಲೋ ಇನ್ನೂರು.

"ಭೇದಿ ಹತ್ತಿತ್ತವ್ವಾ. ಆಮ್ಯಾಲ ಜ್ವರ.
ನೀವು ಹೇಳಿಕೊಟ್ಟದ್ದೆಲ್ಲಾ ಮಾಡೀನಿ,
ಶೇಂಗಾ ಮುಗಿಯೂತನಕ."

ಬೈಯಬೇಕೆಂದು ಬಾಯಿ ತೆರೆದಿದ್ದೆ.
ಶೇಂಗಾ ಎಷ್ಟು ದಿನಕ್ಕೆ ಮುಗಿಯಿತು ಅಂತಲೂ ಕೇಳಲಿಲ್ಲ.

ನಾಳೆ ಮೇಲಿನವರು ನೋಡಲು ಬರುತ್ತಾರೆ.
ಸಿಸ್ಟರ್ ರೋಸಲಿನ್ ಹಲಗೆಯ ಹತ್ತಿರ ಸ್ಟೂಲು ಎಳೆದು
ಎರಡನೇ ಸಾಲಿನ ಮೂರನೇ ಪಿನ್ನು ಕೀಳಲು ಹೋದರು.
"ಇರ್ಲಿ ಬಿಡ್ರಿ," ಅಂದಳು ಸಾಬಮ್ಮ ನೆಲದಿಂದ,
"ಆಕಿ ಹಂಗ ಇದ್ದಳು ಅನ್ನೂದಕ್ಕ
ನನ್ನ ಹತ್ರ ಬ್ಯಾರೆ ಏನೈತಿ?"

ಸಿಸ್ಟರ್ ಸ್ಟೂಲಿನಿಂದ ಇಳಿದರು. ಪಿನ್ನು ಅರ್ಧ ಹೊರಗೇ ಉಳಿಯಿತು.

ಈಗ ರಾತ್ರಿ ಎರಡೂಕಾಲು.
ಎರಡರ ಲೋಟ ತುಂಬಿದ್ದು ತುಂಬಿದ ಹಾಗೇ ವಾಪಸು ಬಂದಿದೆ,
ಮೇಲೆ ತೆಳ್ಳಗೆ ಕೆನೆ.
ಅವಳು ಮತ್ತೆ ಎಲ್ಲೋ ನೋಡುತ್ತಿದ್ದಾಳೆ.
ಸರಳಿನ ಕಡೆ ನನ್ನ ಕಿವಿ.
ಆ ಸದ್ದು ಬರಲಿ ಅಂತಲೂ ಇದೆ,
ಬಂದರೆ, ಅದನ್ನು ಕಟ್ಟಿ ಯಾವ ತಗಡಿನ ಕೆಳಕ್ಕೆ ಕಳಿಸುತ್ತೇವೆ ಅಂತಲೂ.

ಉಳಿದದ್ದನ್ನು ಇಡುವಂತಿಲ್ಲ, ಚೆಲ್ಲಿದೆ.
ಲೋಟ ತೊಳೆದು,
ನಾಲ್ಕರದ್ದಕ್ಕೆ ಹಿಟ್ಟು ತೂಗುತ್ತಿದ್ದೇನೆ.