ಮೂವತ್ತೇಳು ಗಂಟೆ

ಲಿಮಾದಲ್ಲಿ ಮಳೆ ಬರುವುದಿಲ್ಲ.
ಬರುವುದು ಮಂಜು.
ಕಡಲಿಂದೆದ್ದು, ಬೂದು ಹಸುವಿನ ಹಾಗೆ
ಗುಡ್ಡ ಹತ್ತಿ, ಯಾರ ಚೆಂಬಿಗೂ ಸೊರೆ ಬಿಡದೆ
ಹೊರಟುಹೋಗುವ ಮಂಜು.

ಗುಡ್ಡಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲು.
ಮೊದಲ ದಿನ ನಾನೇ ಎಣಿಸಿದ್ದು,
ಏದುಸಿರಿನ ನಡುವೆ ಎರಡು ಸಲ ಲೆಕ್ಕ ತಪ್ಪಿ.
ನೀರಿನ ಲಾರಿ ಕೆಳಗೇ ನಿಲ್ಲುತ್ತದೆ.
ಮೇಲಿನ ಮನೆಯವರು ಬಕೆಟ್ಟಿಗೆ ಇಷ್ಟೆಂದು ದುಡ್ಡು ಕೊಟ್ಟು
ಹೊತ್ತು ತರುತ್ತಾರೆ,
ಕಾಲುಭಾಗ ಮೆಟ್ಟಿಲುಗಳಿಗೆ ಕುಡಿಸಿ.

ನಾವು ಐದು ಜನ, ಇಂಜಿನಿಯರಿಂಗ್ ಮೂರನೇ ವರ್ಷ.
ಸಮುದಾಯ ಸೇವೆ: ನಲವತ್ತು ಗಂಟೆ, ಎರಡು ಕ್ರೆಡಿಟ್ಟು.
ಯೆಸೆನಿಯಾಳ ಕೈಯಲ್ಲಿ ಗಾಳಿಯ ನಕ್ಷೆ,
ಅನಿಬಾಲನ ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಬಾಣ,
ನನ್ನ ಹೆಗಲಿಗೆ ನೈಲಾನ್ ಬಲೆ,
ಮೀನಿಗಲ್ಲ, ಮಂಜಿಗೆ.
ಹೊರುವ ಕೆಲಸ ನನಗೇ ಯಾಕೆ ಬಂತೆಂದರೆ
ಗಣಿತದಲ್ಲಿ ನನಗೆ ಎಲ್ಲರಿಗಿಂತ ಕಡಿಮೆ ಅಂಕ.

ಹೆರ್ಮೆಲಿಂದ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.
ಗುಡ್ಡದ ಸಮಿತಿಗೆ ಅವಳೇ ಕಾರ್ಯದರ್ಶಿ.
ರಬ್ಬರ್ ಮೊಹರು ಅವಳ ಏಪ್ರನ್ನಿನ ಜೇಬಿನಲ್ಲಿ,
ಬಟ್ಟೆ ಕ್ಲಿಪ್ಪುಗಳ ಜೊತೆ.
"ಅಲ್ಲಿ ಬೇಡ ಮಗಾ" ಅಂದಳು.
ಕೇಳಿಸಿತು. ಕೇಳಿಸಿಕೊಳ್ಳಲಿಲ್ಲ.
ಬಾಣ ತೋರಿಸಿದಲ್ಲಿ ಕಂಬ ನೆಟ್ಟೆವು,
ಬಲೆ ಬಿಗಿದೆವು,
ಹೆಬ್ಬೆರಳೆತ್ತಿ ಫೋಟೋ ತೆಗೆಸಿಕೊಂಡೆವು.

ಮುಂದಿನ ಶನಿವಾರ ಬಂದು ನೋಡಿದರೆ ಡ್ರಮ್ಮಿನಲ್ಲಿ
ಸತ್ತ ಪತಂಗ ಒಂದು, ಒಂದಿಷ್ಟು ಧೂಳು.
ಅನಿಬಾಲ ಗಾಳಿಯನ್ನು ಬೈದ.
ಯೆಸೆನಿಯಾ ನಕ್ಷೆ ಮಾಡಿದವರನ್ನು.
ನನಗೆ ಬೈಯಲು ಯಾರೂ ಉಳಿದಿರಲಿಲ್ಲ,
ಹೋಗಿ ಆ ಬಾಗಿಲಲ್ಲಿ ನಿಂತೆ.

"ಎಲ್ಲಿ ಹಾಕಬೇಕಿತ್ತು?"
ಆಲೂಗಡ್ಡೆ ಸುಲಿಯುವ ಕೈ ನಿಲ್ಲಲಿಲ್ಲ.
"ಮೂಲೆಮನೆ ದೊಮಿತಿಲಳ ಬಟ್ಟೆ
ಮೂರು ದಿನವಾದರೂ ಒಣಗಲ್ಲ.
ಮಗುವಿನ ಕಾಲುಚೀಲ ಕಾಲಲ್ಲೇ ಒಣಗಬೇಕು.
ಹನ್ನೆರಡು ವರ್ಷದಿಂದ ದಿನಾ ಮಂಜಿಗೆ ಶಾಪ ಹಾಕ್ತಾಳೆ.
ಅವಳ ಹಗ್ಗ ಎಲ್ಲಿದೆಯೋ, ಅಲ್ಲಿ."

ಹಗ್ಗವಿದ್ದಲ್ಲಿ ಬಲೆ ಕಟ್ಟಿದೆವು.
ದೊಮಿತಿಲ ತನ್ನ ಲಂಗ, ಅಂಗಿ, ಗೊಣಗಾಟ ಎಲ್ಲವನ್ನೂ
ಬುಟ್ಟಿಗೆ ತುಂಬಿಕೊಂಡು
ನಮ್ಮ ಹಳೇ ಕಂಬಗಳ ಕಡೆ ಹೋದಳು.
ಅಲ್ಲಿ ಒಣಗಾಳಿ, ಬಟ್ಟೆ ಸರಸರ ಆರುತ್ತದೆ.
"ಕಾಲೇಜು ಹುಡುಗರು ಅಂತೂ ಒಂದು ಕೆಲಸ
ಸರಿಯಾಗಿ ಮಾಡಿದ್ದಾರೆ" ಅಂದಳಂತೆ.

ಆ ರಾತ್ರಿ ಬಲೆಯ ಕಣ್ಣುಕಣ್ಣಿಗೂ ಹನಿ ಕೂತು,
ಒಂದಕ್ಕೊಂದು ತಾಗಿ, ತೂಕ ಬಂದು, ಜಾರಿ
ಬೆಳಗಿಗೆ ಡ್ರಮ್ಮಿನಲ್ಲಿ ನನ್ನ ಮುಖ ಅಲುಗುತ್ತಿತ್ತು.
ಕುಡಿಯಲಾಗದು; ಗಿಡಕ್ಕೆ, ನೆಲಕ್ಕೆ, ಕಾಲುಚೀಲಕ್ಕೆ ಸಾಕು.
ನೂರ ಹತ್ತು ಲೀಟರು ಅಂದರೆ
ಯಾರೋ ಹತ್ತಬೇಕಿಲ್ಲದ ಮೆಟ್ಟಿಲು ಎಷ್ಟು?
ಈ ಲೆಕ್ಕ ಮಾತ್ರ ನನಗೆ ತಟ್ಟನೆ ಬಂತು,
ಮೊಣಕಾಲಿನಿಂದ.

ವರದಿಯ ನಮೂನೆಯಲ್ಲಿ
"ನಿವಾಸಿಗಳಿಗೆ ಏನು ಕಲಿಸಿದಿರಿ?" ಎಂಬುದಕ್ಕೆ
ಹತ್ತು ಸಾಲು ಬಿಟ್ಟಿದ್ದರು.
ಯೆಸೆನಿಯಾ ತುಂಬ ಹೊತ್ತು ಪೆನ್ನು ಕಚ್ಚಿ,
ಅಂಚಿನಲ್ಲಿ ಒಂದು ಕಾಲುಚೀಲದ ಚಿತ್ರ ಬರೆದಳು.

ಕೊನೆಯ ದಿನ ಹಾಜರಿ ಕಾಗದ ಚಾಚಿದೆ.
ಹೆರ್ಮೆಲಿಂದ ಕೈ ಒರೆಸಿಕೊಂಡಳು, ಕನ್ನಡಕ ಹುಡುಕಿದಳು,
ಅಕ್ಷರಕ್ಕೊಂದು ಉಸಿರು ಹಿಡಿದು ಬರೆದಳು:
ಮೂವತ್ತೇಳು.
"ನಲವತ್ತಲ್ಲವಾ ಅಮ್ಮಾ?"
"ಮೊದಲ ಮೂರು ಗಂಟೆ
ನೀವು ಇಲ್ಲಿಗೆ ಬಂದೇ ಇರಲಿಲ್ಲ."
ಠಪ್ಪಂತ ಬಿತ್ತು ಮೊಹರು.

ಹಾಗಾಗಿ ಇನ್ನೊಂದು ಶನಿವಾರ.
ಮುನ್ನೂರ ಹನ್ನೆರಡು, ಅಲ್ಲ, ಹದಿಮೂರು;
ಒಂದು ಮೆಟ್ಟಿಲು ಮರಳಲ್ಲಿ ಹೂತಿತ್ತು.
ಬಾಗಿಲಲ್ಲೇ ಕೈಗೆ ಚಾಕು ಕೊಟ್ಟು
ಆಲೂಗಡ್ಡೆಯ ಬುಟ್ಟಿ ನೂಕಿದಳು.
"ಸಿಪ್ಪೆ ತೆಳ್ಳಗೆ ಬರಲಿ."
ಸುಲಿದೆ. ದಪ್ಪ ಬಂತು.
ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿ
ಏನೂ ಅನ್ನದೆ
ಇನ್ನೊಂದು ಆಲೂಗಡ್ಡೆ ಕೊಟ್ಟಳು.